ಹದ್ದಿನ ಬಾಯಿಗೆ ನೀರು ಬಿಡಬೇಡಿ: ಪಕ್ಷಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಗುತ್ತಲು ರೋಡ್, ಮಂಡ್ಯ: ಸಾರ್ ನಮಸ್ಕಾರ. ನಮ್ಮ ಟೆರೇಸ್ ಮೇಲೆ ಒಂದು ಹದ್ದು ಕೂತೈತೆ, ರೆಕ್ಕೆಗೇನೂ ಆಗಿಲ್ಲ ಆದ್ರೂ ಹಾರ್ತಿಲ್ಲ, ನೆರಳಲ್ಲಿದ್ರೂ ಬಾಯಿ ಬಿಟ್ಕೊಂಡೇ ಉಸಿರಾಡ್ತೈತೆ, ಒಳಗೆ ನಾಲಿಗೆ ಹತ್ರ ಹಳದಿ ಗಡ್ಡೆ ತರ ಏನೋ ಅಂಟ್ಕೊಂಡೈತೆ. ಫಿಲ್ಲರ್‌ನಲ್ಲಿ ನೀರು ಬುಡ್ಲಾ?

ಡಾಕ್ಟರ್: ಬೇಡ. ಬಾಯಿಗೆ ಏನೂ ಹಾಕ್ಬೇಡಿ. ಫೋಟೋ ಕಳ್ಸಿ.

ಸರಸ್ವತಿಪುರಂ: ಡಾಕ್ಟ್ರೇ, ಅರಿಶಿನ ಜೇನುತುಪ್ಪ ಕಲಸಿ ಹತ್ತಿಯಲ್ಲಿ ಒರೆಸಿದ್ರೆ ಹಕ್ಕಿ ಬಾಯಿಹುಣ್ಣು ಎರಡೇ ದಿನಕ್ಕೆ ಹೋಗತ್ತೆ ಅಂತ ಫಾರ್ವರ್ಡ್ ಬಂದಿತ್ತು.

ಪಾಂಡವಪುರ: ಗೂಬೆ ಮರಿಗೆ ಹಾಲು ಕುಡಿಸ್ಬೋದಾ ಸರ್?

ಡಾಕ್ಟರ್: ಹಾಲು ಬೇಡ, ಯಾವ ಹಕ್ಕಿಗೂ ಬೇಡ.

ಡಾಕ್ಟರ್: ಮಂಡ್ಯದವರೇ, ಫೋಟೋ ನೋಡಿದೆ, ನಂಗೆ ಭಯ ಆಗ್ತಿದೆ. ನಾಲಿಗೆ ಬುಡದಲ್ಲಿ ಉದ್ದಕ್ಕೆ ಒಂದು ಸೀಳು ಕಾಣ್ತಿದೆಯಲ್ಲ, ಉಸಿರಿಗೆ ತಕ್ಕ ಹಾಗೆ ತೆರೆದು ಮುಚ್ತಿರತ್ತೆ, ಅದೇ ಶ್ವಾಸನಾಳದ ಬಾಯಿ. ನಮಗಿರೋ ಹಾಗೆ ಅದರ ಮೇಲೆ ಮುಚ್ಚಳ ಇಲ್ಲ, ಫಿಲ್ಲರ್‌ನಲ್ಲಿ ಬಿಟ್ಟ ನೀರು ಸೀದಾ ಒಳಗಿಳಿದುಬಿಡತ್ತೆ. ಮೇಲೆ ಅಂಗುಳಲ್ಲೂ ಒಂದು ಸೀಳಿದೆ, ಬಾಯಿ ಮುಚ್ಚಿದಾಗ ಎರಡೂ ಒಂದಕ್ಕೊಂದು ಕೂತು ಮೂಗಿನ ಗಾಳಿ ಒಳಗೆ ಹೋಗತ್ತೆ. ನೆರಳಲ್ಲಿ ಸುಮ್ಮನೆ ಕೂತಿರೋ ಹದ್ದು ಬಾಯಿ ಬಿಡ್ತಿದೆ ಅಂದ್ರೆ ಆ ದಾರಿ ಸಾಲ್ತಿಲ್ಲ ಅಂತ ಅರ್ಥ. ಹಳದಿ ಗಡ್ಡೆ ಬಹುಶಃ ಟ್ರೈಕೋಮೊನಾಸ್ ಅನ್ನೋ ಪರಜೀವಿಯ ಕಾಯಿಲೆ, ಸೋಂಕಿರೋ ಪಾರಿವಾಳ ತಿಂದು ಬರತ್ತೆ. ಫಂಗಸ್, ಹುಳ ಇದ್ರೂ ಹೀಗೇ ಕಾಣತ್ತೆ, ಅದಕ್ಕೇ ಸ್ವಾಬ್ ತೆಗೆದು ಆರೋಕೆ ಮುಂಚೆ ಮೈಕ್ರೋಸ್ಕೋಪಲ್ಲಿ ನೋಡ್ಬೇಕು. ಕೆರೆದು ಕಿತ್ರೆ ರಕ್ತ ಬಂದು ಅದೇ ಸೀಳಿಗೆ ಇಳಿಯತ್ತೆ. ಗಡ್ಡೆ ಪೂರ್ತಿ ಅಡ್ಡ ಬಂದ್ರೂ ನಾವು ಹೊಟ್ಟೆ ಪಕ್ಕದ ಗಾಳಿಚೀಲಕ್ಕೆ ಟ್ಯೂಬ್ ಹಾಕಿ ಉಸಿರಾಡಿಸ್ಬೋದು, ಹಕ್ಕಿಗಳಲ್ಲಿ ಅದು ಸಾಧ್ಯ, ಆದ್ರೆ ಜೀವ ಇರುವಾಗ ಬರ್ಬೇಕಲ್ಲ. ಟವೆಲ್ಲಿಂದ ತಲೆ ಮುಚ್ಚಿ ಹಿಡೀರಿ, ಎದೆ ಅಮುಕ್ಬೇಡಿ, ಅವಕ್ಕೆ ನಮ್ಮ ತರ ಉಸಿರೆಳೆಯೋ ವಪೆ (ಡಯಾಫ್ರಮ್) ಇಲ್ಲ, ಎದೆಮೂಳೆ ಆಡಿದ್ರೇನೇ ಉಸಿರು. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ವಿಜಯನಗರ: ಅದಕ್ಕೇ ಹೇಳೋದು, ಮೈಸೂರು ಅರಮನೆ ಮುಂದೆ ಪಾರಿವಾಳಕ್ಕೆ ಮೂಟೆಗಟ್ಟಲೆ ಕಾಳು ಸುರೀಬೇಡಿ ಅಂತ.

ಅಗ್ರಹಾರ: ಮೂಕಪ್ರಾಣಿಗೆ ಎರಡು ಕಾಳು ಹಾಕಿದ್ರೆ ನಿಮಗೇನು ನಷ್ಟ? ನಮ್ಮ ತಾತನ ಕಾಲದಿಂದ ಹಾಕ್ತಿದೀವಿ.

ವಿಜಯನಗರ: ಆ ಮೂಕಪ್ರಾಣಿ ತಿಂದೇ ಈ ಮೂಕಪ್ರಾಣಿ ಸಾಯ್ತಿರೋದು ಮೇಡಂ, ಓದ್ಕೊಂಡು ಮಾತಾಡಿ.

ಕುವೆಂಪುನಗರ: ನಮ್ಮ ಲವ್ ಬರ್ಡ್ಸ್ ಸೀನ್ತಾ ಇವೆ, ಏನ್ ಕೊಡ್ಲಿ?

ಅಗ್ರಹಾರ: ನೀವೇನು ಡಾಕ್ಟ್ರಾ? ಡಾಕ್ಟ್ರು ಹೇಳ್ಲಿ, ಆಮೇಲೆ ನೋಡೋಣ.

ಡಾಕ್ಟರ್: ಒಂದೇ ಕಡೆ ಗುಂಪು ಕಟ್ಟಿ ಒಂದೇ ಕಾಳು, ಒಂದೇ ನೀರು ಹಂಚ್ಕೊಂಡ್ರೆ ಪಾರಿವಾಳಗಳಲ್ಲೇ ಈ ಕಾಯಿಲೆ ಹರಡತ್ತೆ, ಅವುಗಳ ಒಳ್ಳೇದಕ್ಕೂ ಅಲ್ಲ ಅದು. ಜಗಳ ಬೇರೆ ಕಡೆ ಆಡಿ. ಮಂಡ್ಯದವರು ಎಲ್ಲಿ?

ಸರಸ್ವತಿಪುರಂ: ಅರಿಶಿನ ನೈಸರ್ಗಿಕ ಅಲ್ವಾ ಸರ್, ಸ್ವಲ್ಪ ಹಚ್ಚಿದ್ರೆ ಏನಾಗತ್ತೆ?

ಡಾಕ್ಟರ್: ಸತ್ತೋಗತ್ತೆ. ಜೇನು ಆ ಸೀಳಿಗೆ ಅಂಟ್ಕೊಳತ್ತೆ. ಆ ಫಾರ್ವರ್ಡ್ ಡಿಲೀಟ್ ಮಾಡಿ, ಇನ್ನೊಬ್ರಿಗೆ ಕಳಿಸ್ಬೇಡಿ.

ನಂಜನಗೂಡು: ಗರುಡನ ರೆಕ್ಕೆಗೆ ಮಾಂಜಾ ದಾರ ಸುತ್ಕೊಂಡಿದೆ, ಬಾಯಿಗೆ ನೀರು ಬಿಟ್ಟು ಆಮೇಲೆ ದಾರ ಬಿಡಿಸ್ಲಾ?

ಡಾಕ್ಟರ್: ಮೇಲೆ ಓದಿ.

ಗುತ್ತಲು ರೋಡ್, ಮಂಡ್ಯ: ಸಾರ್ ಡಬ್ಬಿಗೆ ಹಾಕಿದೀನಿ, ಫಾರೆಸ್ಟ್‌ನೋರು ಬತ್ತಾವ್ರೆ. ಬಾಯಿ ಇನ್ನೂ ಬಿಟ್ಕೊಂಡೇ ಐತೆ.

ಡಾಕ್ಟರ್: ಡಬ್ಬಿ ಪದೇಪದೇ ತೆಗೆದು ನೋಡ್ಬೇಡಿ. ಅವರ ನಂಬರ್ ನಂಗೆ ಈಗ್ಲೇ ಕಳ್ಸಿ, ನಾನೇ ಮಾತಾಡ್ತೀನಿ.

ಕುವೆಂಪುನಗರ: ಸರ್, ಲವ್ ಬರ್ಡ್ಸ್?