ಎರಡು ಬೀದಿ ಆಚೆ ರಿಜಿಸ್ಟರ್ಡ್ ಆಫೆಂಡರ್ ಇದಾನೆ, ಮನೆ ತಗೊಳ್ಳೋದಾ ಬಿಡೋದಾ?

ಎಡಿಸನ್ ಅಮ್ಮ: ನ್ಯೂಜೆರ್ಸಿಲಿ ಇರೋರು ಸ್ವಲ್ಪ ಹೇಳಿ ಪ್ಲೀಸ್. ಒಂದು ಮನೆ ಇಷ್ಟ ಆಗಿ ಆಫರ್ ಕೂಡ ಹಾಕಾಯ್ತು, ನಿನ್ನೆ ರಾತ್ರಿ ಸುಮ್ನೆ ಸ್ಟೇಟ್ ಪೊಲೀಸ್ ವೆಬ್‌ಸೈಟಲ್ಲಿ ನೋಡಿದ್ರೆ ಎರಡು ಬೀದಿ ಆಚೆ ಒಬ್ಬ ರಿಜಿಸ್ಟರ್ಡ್ ಆಫೆಂಡರ್, ಅಂದ್ರೆ ಲೈಂಗಿಕ ಅಪರಾಧಕ್ಕೆ ಶಿಕ್ಷೆ ಆಗಿ ಪೊಲೀಸ್ ಲಿಸ್ಟಲ್ಲಿರೋನು, ಇದಾನೆ, ಫೋಟೋ, ಅಡ್ರೆಸ್ಸು, ಏನ್ ಕೇಸು ಎಲ್ಲಾ ಇದೆ. ಮಗಳಿಗೆ ಆರು ವರ್ಷ. ನಮ್ಮನೆಯವ್ರು ಆ ಫೋಟೋನ ಕನ್ನಡ ವಾಟ್ಸಾಪ್ ಗ್ರೂಪಿಗೆ ಹಾಕ್ಬಿಡೋಣ ಅಂತಿದಾರೆ. ಹಾಕ್ಬೋದಾ?

ರವಿ ಬಿ: ಕೇಳೋದೇನಿದೆ ಅಕ್ಕ, ಹಾಕಿ. ಸರ್ಕಾರನೇ ಪಬ್ಲಿಕ್ ಮಾಡಿದೆ. ಹೀಗೆ ಲಿಸ್ಟ್ ಪಬ್ಲಿಕ್ ಮಾಡೋ ಕಾನೂನಿಗೆ ಮೇಗನ್ಸ್ ಲಾ ಅಂತ ಹೆಸ್ರು ಬಂದಿದ್ದೇ ನಿಮ್ಮ ಸ್ಟೇಟಿಂದ. 1994ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಏಳು ವರ್ಷದ ಮೇಗನ್ ಕಾಂಕಾನ ಎದುರುಮನೆಯವ್ನೇ ನಾಯಿಮರಿ ತೋರಿಸ್ತೀನಿ ಅಂತ ಕರ್ಕೊಂಡೋಗಿ ಕೊಂದ, ಅವ್ನಿಗೆ ಮುಂಚೆನೇ ಎರಡು ಸಲ ಶಿಕ್ಷೆ ಆಗಿತ್ತು, ಮಗು ಅಪ್ಪ ಅಮ್ಮಂಗೆ ಗೊತ್ತೇ ಇರ್ಲಿಲ್ಲ. ಅವ್ರು ಹೋರಾಡಿ ಸುಮಾರು ಮೂರು ತಿಂಗಳಲ್ಲಿ ಕಾನೂನು ತರಿಸಿದ್ರು, 1996ರಲ್ಲಿ ಇಡೀ ಅಮೆರಿಕಾಗೆ ಬಂತು. ಗೊತ್ತಾಗ್ಲಿ ಅಂತಾನೇ ಮಾಡಿರೋದು.

ವಕೀಲಮ್ಮ: ರವಿ ಅವ್ರೇ ತಡೀರಿ. ನೋಡೋದು ಬೇರೆ, ಹಂಚೋದು ಬೇರೆ. ಅದೇ ವೆಬ್‌ಸೈಟಲ್ಲಿ ಒಂದು ಎಚ್ಚರಿಕೆ ಇರುತ್ತೆ, ಯಾರೂ ಓದಲ್ಲ ಬಿಡಿ, ಈ ಮಾಹಿತಿ ಇಟ್ಕೊಂಡು ಬೆದರ್ಸೋದು, ಕಿರುಕುಳ ಕೊಡೋದು ಅಪರಾಧ. ಇನ್ನೊಂದು, ಅಲ್ಲಿ ಎಲ್ರೂ ಕಾಣ್ಸಲ್ಲ. ಮೂರು ಟಯರ್ ಇದೆ, ಅಂದ್ರೆ ಮತ್ತೆ ಅಪರಾಧ ಮಾಡೋ ಅಪಾಯ ಎಷ್ಟು ಅನ್ನೋದ್ರ ಮೇಲೆ ಮೂರು ಹಂತ. ಒಂದನೇದು ಸಾಮಾನ್ಯವಾಗಿ ಪೊಲೀಸರ ಹತ್ರ ಮಾತ್ರ, ವೆಬ್‌ಸೈಟಲ್ಲಿ ಬರೋದು ಅಪರೂಪ. ಎರಡನೇದಾದ್ರೆ ಸ್ಕೂಲು, ಡೇಕೇರ್‌ನೋರಿಗೆ ತಿಳಿಸ್ತಾರೆ. ಮೂರನೇದಾದ್ರೆ ಅಕ್ಕಪಕ್ಕದ ಮನೆಯವ್ರಿಗೂ ಹೇಳ್ತಾರೆ. ನೀವು ನೋಡಿದ್ದು ಯಾವ ಟಯರ್?

ಹುಬ್ಬಳ್ಳಿ ಮಂದಿ: ವಾಟ್ಸಾಪ್ ಅಂದಕೂಡ್ಲೆ ನನಗ ಬೀದರ್ ನೆನಪಾತು ನೋಡ್ರಿ. 2018ರಾಗ ಹೈದರಾಬಾದಿನ ಟೆಕ್ಕಿ ಒಬ್ಬ ದಾರ್ಯಾಗ ಹುಡುಗರಿಗೆ ಚಾಕಲೇಟ್ ಕೊಟ್ಟ ಅಂತ ಮಕ್ಕಳ ಕಳ್ಳ ಅಂದ್ಕೊಂಡು ಹೊಡದು ಕೊಂದ್ರು. ಅವ ಏನೂ ತಪ್ಪು ಮಾಡಿದ್ದಿಲ್ಲ. ಇನ್ನ ಅಮೆರಿಕಾದಾಗ 2006ರಾಗ ಮೇನ್ ರಾಜ್ಯದಾಗ ಒಬ್ಬ ಇದ ಲಿಸ್ಟ್‌ನಿಂದ ಅಡ್ರೆಸ್ ತಗೊಂಡು ಇಬ್ಬರನ್ನ ಗುಂಡು ಹೊಡದು ಸಾಯಿಸಿದ, ಅದ್ರಾಗ ಒಬ್ಬನ ಕೇಸ್ ಏನಿತ್ತು ಅಂದ್ರ ಹತ್ತೊಂಬತ್ತನೇ ವಯಸ್ಸಿನ್ಯಾಗ ಇನ್ನೂ ಹದಿನಾರು ತುಂಬದ ಗರ್ಲ್‌ಫ್ರೆಂಡ್ ಜೋಡಿ ಇದ್ದದ್ದು. ಲಿಸ್ಟ್ ನೋಡಾವ್ರಿಗೆ ಎಲ್ಲಾ ಒಂದ ಮುಖ.

ರವಿ ಬಿ: ಅಪರೂಪದ ಕೇಸ್ ಹಿಡ್ಕೊಂಡು ಮಕ್ಕಳ ಸೇಫ್ಟಿ ಬಿಡೋಕಾಗುತ್ತಾ? ಅಂಥೋರ್ನ ಸ್ಕೂಲ್ ಹತ್ರ, ಪಾರ್ಕ್ ಹತ್ರ ಇರೋಕೇ ಬಿಡ್ಬಾರ್ದು.

ವಕೀಲಮ್ಮ: ಅದನ್ನೂ ಮಾಡಿ ನೋಡಿದಾರೆ. ಮಯಾಮಿಲಿ ಸ್ಕೂಲಿಂದ 2,500 ಅಡಿ ಒಳಗೆ ಇರಂಗಿಲ್ಲ ಅಂತ ರೂಲ್ ತಂದ್ರು, ಬಾಡಿಗೆಗೆ ಜಾಗನೇ ಸಿಗ್ದೆ ಎಷ್ಟೋ ಜನ ಜೂಲಿಯಾ ಟಟಲ್ ಸೇತುವೆ ಕೆಳಗೆ ಟೆಂಟ್ ಹಾಕ್ಕೊಂಡಿದ್ರು. ಅಡ್ರೆಸ್ಸೇ ಇಲ್ದೋನ್ನ ಪೊಲೀಸರು ಎಲ್ಲಿ ಅಂತ ಹುಡುಕ್ತಾರೆ? ನ್ಯೂಜೆರ್ಸಿಲಿ ಊರೂರಿನ ಇಂಥ ರೂಲ್‌ಗಳನ್ನ ಅಲ್ಲಿನ ಸುಪ್ರೀಂ ಕೋರ್ಟೇ 2009ರಲ್ಲಿ ಹೊಡೆದು ಹಾಕ್ತು.

ಶೈಲಜಾ ಟೀಚರ್, ಶಿವಮೊಗ್ಗ: ನೀವೆಲ್ಲ ಬೀದಿ ಆಚೆ ಇರೋನ್ನೇ ನೋಡ್ತಿದೀರಿ. ಅಮೆರಿಕಾ ಸರ್ಕಾರದ್ದೇ 2000ದ ಒಂದು ವರದಿ ಇದೆ, ಪೊಲೀಸರ ತನಕ ಬಂದ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ಅಪರಿಚಿತರು ನೂರಕ್ಕೆ ಏಳು. ಮಿಕ್ಕಿದ್ದೆಲ್ಲ ಮನೆಯವ್ರು, ಪರಿಚಯದವ್ರು. ನಮ್ಮಲ್ಲಿ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು) ಕೇಸಲ್ಲೂ ಅದೇ ಕತೆ, ಚಿಕ್ಕಪ್ಪ, ಮಾವ, ಟ್ಯೂಷನ್ ಮೇಷ್ಟ್ರು. ಈಗ ಹೇಳಿ, ಅಪ್ಪನೇ ಅಪರಾಧಿ ಆದಾಗ ಅವನ ಫೋಟೋ, ಅಡ್ರೆಸ್ ಹಾಕಿದ್ರೆ ಆ ಮಗು ಯಾರು ಅಂತ ಊರಿಗೆಲ್ಲ ಗೊತ್ತಾಗಲ್ವಾ? ಮಗುನ ಗುರುತು ಹೊರಗೆ ಬರ್ಬಾರ್ದು ಅಂತ ಪೋಕ್ಸೋ 23ನೇ ಸೆಕ್ಷನ್ನೇ ಇದೆ. ಮನೆ ಮಾನ ಬೀದಿಗೆ ಬರುತ್ತೆ ಅಂತ ಹೆದರಿ ಕಂಪ್ಲೇಂಟ್ ಕೊಡೋ ಒಬ್ಬಳು ತಾಯಿನೂ ಹಿಂದೆ ಸರೀತಾಳೆ.

ರವಿ ಬಿ: ಹಾಗಾದ್ರೆ ಇಂಡಿಯಾದಲ್ಲಿ ಲಿಸ್ಟೇ ಬೇಡ್ವಾ ಮೇಡಂ?

ಶೈಲಜಾ ಟೀಚರ್, ಶಿವಮೊಗ್ಗ: ಇದೆಯಲ್ಲ. 2018ರ ಸೆಪ್ಟೆಂಬರಲ್ಲಿ ಎನ್‌ಸಿಆರ್‌ಬಿ, ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಶುರು ಮಾಡ್ತು, ಆಗ್ಲೇ 4.4 ಲಕ್ಷ ಎಂಟ್ರಿ ಇತ್ತು. ಪೊಲೀಸರಿಗೆ ಮಾತ್ರ ಕಾಣುತ್ತೆ. ನನ್ನ ತಕರಾರು ಅಲ್ಲೇ. ಸ್ಕೂಲ್ ವ್ಯಾನ್ ಡ್ರೈವರ್‌ನ ಕೆಲ್ಸಕ್ಕೆ ತಗೊಳ್ಳೋವಾಗ ನಾವು ನೇರವಾಗಿ ನೋಡಂಗಿಲ್ಲ, ಪೊಲೀಸ್ ವೆರಿಫಿಕೇಶನ್ನಿಗೆ ಅರ್ಜಿ ಹಾಕ್ಕೊಂಡು ಕಾಯ್ಬೇಕು. ಇಂಗ್ಲೆಂಡಲ್ಲಿ 2011ರಿಂದ ಸಾರಾಸ್ ಲಾ ಅಂತಿದೆ, ಮಗು ಹತ್ರ ಓಡಾಡೋ ಒಬ್ಬ ವ್ಯಕ್ತಿ ಬಗ್ಗೆ ತಂದೆ ತಾಯಿ ಪೊಲೀಸರನ್ನ ಕೇಳ್ಬೋದು, ಅವ್ರು ನೋಡಿ ಅಪಾಯ ಅನ್ಸಿದ್ರೆ ಮಗುನ ಕಾಪಾಡೋ ಸ್ಥಾನದಲ್ಲಿ ಇರೋರಿಗೆ ಮಾತ್ರ ಹೇಳ್ತಾರೆ, ಅದನ್ನ ಹಂಚಂಗಿಲ್ಲ. ನಮಗೆ ಅಂಥದ್ದು ಬೇಕು.

ಹುಬ್ಬಳ್ಳಿ ಮಂದಿ: ನಮ್ಮ ಠಾಣೆದಾಗ ಕೇಳಿದ್ರ ಸಂಜಿ ಒಳಗ ಓಣಿಗೆಲ್ಲ ಗೊತ್ತಾಗಿರ್ತದ ಮೇಡಂ.

ಶೈಲಜಾ ಟೀಚರ್, ಶಿವಮೊಗ್ಗ: ಅದೂ ನಿಜ ಅನ್ನಿ.

ಎಡಿಸನ್ ಅಮ್ಮ: ಎಲ್ರಿಗೂ ಥ್ಯಾಂಕ್ಸ್. ನೋಡ್ದೆ, ಟಯರ್ ಎರಡು, ಕೇಸ್ ಹಳೇದು. ಗ್ರೂಪಿಗೆ ಹಾಕ್ಬೇಡಿ ಅಂದಿದ್ದಕ್ಕೆ ನಮ್ಮನೆಯವ್ರು ಮುಖ ಊದಿಸ್ಕೊಂಡಿದಾರೆ. ಮಗಳಿಗೆ ಬ್ಯಾಡ್ ಟಚ್ ಬಗ್ಗೆ ಇನ್ನೊಂದ್ಸಲ ಹೇಳಿಕೊಟ್ಟೆ, ನೆಂಟರ ವಿಷ್ಯನೂ ಸೇರಿಸಿ. ಮನೆ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ರವಿ ಬಿ: ನಾನಾಗಿದ್ರೆ ಬಿಟ್ಬಿಡ್ತಿದ್ದೆ ಅಕ್ಕ, ಬೇರೆ ಮನೆ ಸಿಗುತ್ತೆ.

ಹುಬ್ಬಳ್ಳಿ ಮಂದಿ: ಆ ಬ್ಯಾರೆ ಮನಿ ಪಕ್ಕದಾಗ ಟಯರ್ ಒಂದರಾವ ಇದ್ರ ನಿಮ್ಮ ವೆಬ್‌ಸೈಟ್ ಏನ್ ಹೇಳ್ತದ ರವಿ ಸಾಹೇಬ್ರ?