ಡೇಕೇರ್‌ನಲ್ಲಿ ಸುಳ್ಳು ರೊಕ್ಕದ ಅಂಗಡಿ ಆಟ: ನೀವು ಹೇಗೆ ಸಂಭಾಳಿಸಿದಿರಿ?

ವಿದ್ಯಾನಗರ ಡೇಕೇರ್: ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಸಣ್ಣ ಡೇಕೇರ್ ನಡೆಸುತ್ತೇನೆ. ಎರಡೂವರೆಯಿಂದ ಆರು ವರ್ಷದ ಮಕ್ಕಳಿದ್ದಾರೆ. ದುರ್ಗದಬೈಲಿನಿಂದ ಆಟದ ನೋಟು, ಪ್ಲಾಸ್ಟಿಕ್ ನಾಣ್ಯ ತಂದು ಅಂಗಡಿ ಆಟ ಶುರು ಮಾಡಿಸಿದೆ. ಈಗ ದಿನಾ ಜಗಳ. ಐದು ವರ್ಷದವನೊಬ್ಬ ನೋಟೆಲ್ಲ ಚಡ್ಡಿ ಕಿಸೆಗೆ ತುರುಕಿಕೊಂಡು ಮನೆಗೆ ಒಯ್ಯುತ್ತಾನೆ. ಇನ್ನೊಬ್ಬಳ ಅಜ್ಜಿ ಬಂದು, "ಇಷ್ಟು ಸಣ್ಣ ಮಕ್ಕಳಿಗೆ ರೊಕ್ಕದ ಹುಚ್ಚು ಯಾಕ ಹಚ್ಚತೀರಿ?" ಎಂದು ಕೇಳಿದರು. ಆಟ ನಿಲ್ಲಿಸಲೋ, ಬೇರೆ ದಾರಿ ಇದೆಯೋ? ಅನುಭವ ಇದ್ದವರು ಹೇಳಿ.

ಬೆಟಗೇರಿ ಅಕ್ಕೋರು: ನಿಲ್ಲಿಸಬೇಡಿ. ನಮ್ಮ ಬಾಲವಾಡಿ ಮಕ್ಕಳಿಗೆ ಒಂದನೇ ಕ್ಲಾಸಿಗೆ ಹೋಗುವ ಮೊದಲೇ ಚಿಲ್ಲರೆ ಲೆಕ್ಕ ಬರುತ್ತದೆ, ಅದು ಈ ಆಟದಿಂದಲೇ. ಆದರೆ ಅಂಗಡಿಯ ನೋಟಿನ ಬಂಡಲ್ ಮಾತ್ರ ಬೇಡ. 40 ರೂಪಾಯಿ ಕೊಟ್ಟು ತಂದದ್ದು ಅರ್ಧ ಹರಿಯಿತು, ಅರ್ಧ ಜೊಲ್ಲಿಗೆ ನೆನೆಯಿತು. ಟೇಪ್ ಹಚ್ಚಿದರೆ ಟೇಪನ್ನೇ ಕಿತ್ತು ಬಾಯಿಗೆ ಹಾಕಿಕೊಂಡರು. ಆಮೇಲೆ ಕಲರ್ ಝೆರಾಕ್ಸ್ ಮಾಡಿಸಿದೆ. ಹಾಳೆಗೆ 10, ಲ್ಯಾಮಿನೇಶನ್‌ಗೆ 20, ಒಂದು ಹಾಳೆಗೆ ಆರು ನೋಟು. ಲ್ಯಾಮಿನೇಶನ್ ಮೂಲೆ ಎಷ್ಟು ಚೂಪು ಅಂದರೆ ಒಂದು ಕೂಸಿನ ಗಲ್ಲ ಗೀರಿತು. ರಾತ್ರಿ ಕೂತು ಒಂದೊಂದೇ ಮೂಲೆ ದುಂಡಗೆ ಕತ್ತರಿಸಿದೆ. ಕತ್ತರಿಸಿದಲ್ಲಿ ಪದರ ಬಿಟ್ಟು ನೀರು ಒಳಗೆ ಹೋಯಿತು. ಮೊದಲು ನೋಟು ಬಿಡಿಬಿಡಿ ಕತ್ತರಿಸಿ, ಸುತ್ತ ಒಂದು ಬೆರಳು ಜಾಗ ಬಿಟ್ಟು ಲ್ಯಾಮಿನೇಶನ್ ಮಾಡಿಸಬೇಕು, ಆಗ ಬಿಡುವುದಿಲ್ಲ. ಎಲ್ಲ ಸೇರಿ 300 ದಾಟಿತು. ಮೇಲಿನವರು ಒಂದು ಪೈಸೆ ಕೊಡಲಿಲ್ಲ.

ಮತ್ತೆ, 500ರ ನೋಟು ಇಡಬೇಡಿ. ನಾಲ್ಕು ವರ್ಷದ ಕೂಸು ಕೈಯಲ್ಲಿ ಎಷ್ಟು ನೋಟು ಇವೆ ಎಂದು ನೋಡುತ್ತದೆ, ಅದರ ಮೇಲೆ ಬರೆದದ್ದನ್ನಲ್ಲ. ಒಂದು 500 ಕೊಟ್ಟು ನಾಲ್ಕು 10ರ ನೋಟು ತಗೊಂಡವ ತಾನೇ ಸಾಹುಕಾರ ಅಂತ ಓಡಾಡುತ್ತಾನೆ. ಚಿಲ್ಲರೆ ವಾಪಸ್ ಕೊಟ್ಟರೆ ಇನ್ನೂ ಖುಷಿ: ಸಾಮಾನೂ ಬಂತು, ರೊಕ್ಕಾನೂ ಬಂತು!

ನಿವೃತ್ತ ಕ್ಯಾಷಿಯರ್, ಧಾರವಾಡ: ಅಕ್ಕೋರೆ, ಕಲರ್ ಝೆರಾಕ್ಸ್ ಅಂದಿರಲ್ಲ, ಅಸಲಿ ನೋಟಿನದೋ? ಹಾಗಿದ್ದರೆ ಅದು ಅಪರಾಧ. ನೋಟನ್ನು ಹೋಲುವ ಕಾಗದ ಮಾಡಿದರೂ ಭಾರತೀಯ ನ್ಯಾಯ ಸಂಹಿತೆಯ 182ನೇ ಕಲಂ ಪ್ರಕಾರ ದಂಡ ಇದೆ. ಸುಮ್ನೆ ಹೇಳುತ್ತಿಲ್ಲ. ನವೆಂಬರ್ 2016ರಲ್ಲಿ 500, 1000 ರೂಪಾಯಿ ನೋಟು ರದ್ದಾದ ಮೇಲೆ ಕೌಂಟರಿನ ಮುಂದೆ ಜನಜಾತ್ರೆ. ಆ ಗದ್ದಲದಲ್ಲಿ ಯಾವನೋ ಕಟ್ಟಿನ ನಡುವೆ "ಚಿಲ್ಡ್ರನ್ ಬ್ಯಾಂಕ್" ಎಂದು ಅಚ್ಚಾದ 2000ದ ನೋಟು ತೂರಿಸಿದ್ದ. ಸಂಜೆ ಲೆಕ್ಕಕ್ಕೆ 2000 ಕಮ್ಮಿ, ನನ್ನ ಸಂಬಳದಿಂದಲೇ ತುಂಬಿದೆ. 2017ರಲ್ಲಿ ದಿಲ್ಲಿಯ ಎಟಿಎಂನಿಂದಲೇ ಅಂಥ ನೋಟು ಬಂದದ್ದು ಪೇಪರಿನಲ್ಲಿ ಓದಿರಬೇಕು. ಇಷ್ಟಾದರೂ ಆಟದ ಬಂಡಲಿನಲ್ಲಿ ಇವತ್ತಿಗೂ 2000ದ ನೋಟು ಬರುತ್ತಿದೆ. ರಿಸರ್ವ್ ಬ್ಯಾಂಕ್ ಅದನ್ನು 2023ರಲ್ಲೇ ವಾಪಸ್ ತಗೊಂಡಿತಲ್ಲ, ಮಕ್ಕಳಿಗೆ ಯಾಕೆ ಕಲಿಸುತ್ತೀರಿ?

ಬೆಟಗೇರಿ ಅಕ್ಕೋರು: ಅಸಲಿದಲ್ಲ ರೀ ಸರ್. ನಾನೇ ಕೈಯಿಂದ ಬಿಡಿಸಿದ್ದರ ಝೆರಾಕ್ಸ್. ಬಣ್ಣ ಮಾತ್ರ ಅದೇ. 10 ಕಂದು, 50 ನೀಲಿ, 100 ನೇರಳೆ, 200 ಹಳದಿ. 50ರ ಹಿಂದೆ ಹಂಪಿಯ ರಥ ಇದೆಯಲ್ಲ, ಅದನ್ನೂ ಬಿಡಿಸಿದ್ದೆ. ಗಾಂಧಿ ಅಜ್ಜನ ಜಾಗದಲ್ಲಿ ನಮ್ಮ ಬಾಲವಾಡಿಯ ಬೆಕ್ಕು. ಬೆಕ್ಕಿನ ನೋಟಿಗೂ ಕಲಂ ಹಚ್ಚುತ್ತೀರಾ?

ಕೇಶ್ವಾಪುರದ ಅಮ್ಮ: ನೋಟಿನ ಮಾತು ಆಮೇಲೆ, ಮೊದಲು ನಾಣ್ಯ ತೆಗೆಯಿರಿ. ನನ್ನ ಮಗ ಮೂರು ತುಂಬುವ ಮೊದಲೇ ಒಂದು ಡೇಕೇರ್‌ನಲ್ಲಿ (ಹೆಸರು ಬೇಡ) ಪ್ಲಾಸ್ಟಿಕ್ ನಾಣ್ಯ ನುಂಗಿದ. ಫೋನ್ ಇಲ್ಲ, ಏನಿಲ್ಲ. ಸಂಜೆ ಕರೆಯಲು ಹೋದಾಗ, "ಒಂದು ಕಾಯಿನ್ ಕಮ್ಮಿ ಐತಿ ನೋಡ್ರಿ" ಎಂದರು. ಆಟೋಗೆ 120, ಡಾಕ್ಟರಿಗೆ 500, ಎಕ್ಸ್‌ರೇಗೆ 400. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಲೋಹ ಆದರೆ ಕಾಣುತ್ತದೆ, ಪ್ಲಾಸ್ಟಿಕ್ ಸಾಮಾನ್ಯವಾಗಿ ಕಾಣುವುದಿಲ್ಲ ಎಂದು ಹೇಳಿದ್ದು ರೊಕ್ಕ ಇಸಕೊಂಡ ಮೇಲೆ! ಕೆಮ್ಮಿಲ್ಲ, ಉಸಿರಾಟ ಸರಿ ಇದೆ, ಕೆಳಗೆ ಬರುತ್ತದೆ, ಕಾಯಿರಿ ಎಂದರು. ಹೇಗೆ ಕಾದೆವು ಎಂದು ಬಿಡಿಸಿ ಹೇಳುವುದಿಲ್ಲ, ಒಂದು ಒಳ್ಳೆ ಸ್ಟೀಲ್ ಚಮಚ ಬಿಸಾಕಬೇಕಾಯಿತು. ಕೊನೆಗೆ ಬಂತು, ಎರಡು ರೂಪಾಯಿದು. ಡೇಕೇರ್‌ಗೆ ಕೊಟ್ಟ 3000 ಡಿಪಾಸಿಟ್ ಮಾತ್ರ ಇನ್ನೂ ಬಂದಿಲ್ಲ. ಆಟದ ಸಾಮಾನಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ಆ ಪಾಕೀಟು ತಗೊಳ್ಳುವಾಗ ನೋಡಿದಿರಾ?

ಸಪ್ತಾಪುರದ ಆಯಿ: ನಾನು ಆ ಅಜ್ಜಿಯ ಕಡೆ. ನಮ್ಮಲ್ಲಿ ನೋಟೂ ಇಲ್ಲ, ನಾಣ್ಯವೂ ಇಲ್ಲ. ಹುಣಸೆ ಬೀಜ ಅಷ್ಟೇ. ತೊಳೆದು ಒಣಗಿಸಿ ಡಬ್ಬಿಗೆ ಹಾಕಿದರೆ ಆಯಿತು, ಖರ್ಚು ಸೊನ್ನೆ. ಲ್ಯಾಮಿನೇಶನ್ ಅಂತೆ!

ಕೇಶ್ವಾಪುರದ ಅಮ್ಮ: ಬೀಜ ಮೂಗಿಗೆ ತುರುಕಿಕೊಂಡರೆ? ಒಳಗೆ ಒದ್ದೆಯಾಗಿ ಉಬ್ಬುತ್ತದೆ ಆಯಿ. ಆಗ ತೆಗೆಯುವುದು ಇನ್ನೂ ಕಷ್ಟ.

ಸಪ್ತಾಪುರದ ಆಯಿ: ನಿಮ್ಮ ಮಗ ಸಿಕ್ಕಿದ್ದೆಲ್ಲ ನುಂಗುತ್ತಾನೆ ಅಂತ ಊರಿನ ಮಕ್ಕಳೆಲ್ಲ ಆಟ ಬಿಡಬೇಕೇನು?

ಕೇಶ್ವಾಪುರದ ಅಮ್ಮ: ಮಗನ ಸುದ್ದಿಗೆ ಬರಬೇಡಿ. ವಯಸ್ಸಿಗೆ ಮರ್ಯಾದೆ ಕೊಟ್ಟು ಇಲ್ಲಿಗೇ ಬಿಡುತ್ತೇನೆ.

ಬ್ಯಾಡಗಿ ದಲಾಲಿ: ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಮಗಳು ಆಟದಲ್ಲಿ ರೊಕ್ಕ ಮುಟ್ಟುವುದೇ ಇಲ್ಲ. ದಿಂಬುಗಳನ್ನು ಚೀಲದ ಹಾಗೆ ಸಾಲಾಗಿ ಇಡುತ್ತಾಳೆ. ಎಲ್ಲರೂ ಚೀಟಿಯಲ್ಲಿ ರೇಟು ಗೀಚಬೇಕು, ಜಾಸ್ತಿ ಬರೆದವರಿಗೆ ಮಾಲು. ರೊಕ್ಕ ಎಲ್ಲಿ ಅಂದರೆ "ಬರೋ ಗುರುವಾರ" ಅನ್ನುತ್ತಾಳೆ! ಸೋಮವಾರ, ಗುರುವಾರ ನಮ್ಮ ಮಾರ್ಕೆಟ್. ಉದ್ರಿ ವ್ಯವಹಾರ ಯಾವ ಡೇಕೇರ್ ಕಲಿಸುತ್ತದೆ ಹೇಳಿ.

ನಿವೃತ್ತ ಕ್ಯಾಷಿಯರ್, ಧಾರವಾಡ: ಅಲ್ಲಿ ಈಗ ಇ-ಟೆಂಡರ್ ಅಲ್ವಾ? ಚೀಟಿ ಎಲ್ಲಿಂದ ಬಂತು?

ಬ್ಯಾಡಗಿ ದಲಾಲಿ: ಆಟ ರೀ ಸರ್. ಐದು ವರ್ಷದ ಹುಡುಗಿ ಲಾಗಿನ್ ಮಾಡಬೇಕಾ?

ಗದಗ ಪ್ಲೇಹೋಮ್: ನೀವೆಲ್ಲ ಯಾವ ಕಾಲದಲ್ಲಿದ್ದೀರಿ? ನಮ್ಮ ಮಕ್ಕಳು ನೋಟನ್ನು ಮೂಸಿಯೂ ನೋಡಲಿಲ್ಲ. ಗಿರ್ಮಿಟ್ ಅಂಗಡಿ ಹಾಕಿಕೊಟ್ಟೆ. ರಟ್ಟಿನ ಮೇಲೆ ಚೌಕ ಚೌಕ ಗೀಚಿ ತಾವೇ ಕ್ಯೂಆರ್ ಕೋಡ್ ಮಾಡಿದರು. ಒಬ್ಬ ಬಾಗಿಲ ಹಿಂದೆ ನಿಂತು ದಪ್ಪ ದನಿಯಲ್ಲಿ "ಐವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗುತ್ತಾನೆ. ಆ ಕೆಲಸಕ್ಕೇ ದಿನಾ ಪೈಪೋಟಿ. ತೊಂದರೆ ಏನೆಂದರೆ ಸ್ಕ್ಯಾನ್ ಮಾಡಿದಷ್ಟೂ ರೊಕ್ಕ ಮುಗಿಯುವುದಿಲ್ಲ. ಒಬ್ಬಳು ಇಡೀ ಅಂಗಡಿ ಕೊಂಡು ಹೊರಟಳು. ಈಗ ಪ್ರತಿಯೊಬ್ಬರ ಕೊರಳಿಗೆ ಐದು ಗೋಲದ ಕಾರ್ಡ್. ಸ್ಕ್ಯಾನ್ ಮಾಡಿದಾಗೊಮ್ಮೆ ಒಂದು ಗೋಲಕ್ಕೆ ಗೀಟು. ಐದೂ ಮುಗಿದರೆ ಅಂಗಡಿಯವನ ಹತ್ತಿರ ಕೆಲಸಕ್ಕೆ ನಿಲ್ಲಬೇಕು.

ಸಪ್ತಾಪುರದ ಆಯಿ: ಗಿರ್ಮಿಟ್‌ಗೆ 50 ರೂಪಾಯಿ? ಗದಗಿನಲ್ಲಿ ಇಷ್ಟು ಸುಲಿಗೆನಾ?

ಗದಗ ಪ್ಲೇಹೋಮ್: ಮಿರ್ಚಿ ಸೇರಿ ಆಯಿ. ಅದೂ ಸುಳ್ಳು ಮಿರ್ಚಿ.

ವಿದ್ಯಾನಗರ ಡೇಕೇರ್: ನಾಣ್ಯ ಇವತ್ತೇ ತೆಗೆದಿಟ್ಟೆ, ಪಾಕೀಟಿನ ಮೇಲೆ ಯಾವ ಗುರುತೂ ಇರಲಿಲ್ಲ. ಕಿಸೆಗೆ ತುಂಬಿಕೊಂಡು ಹೋಗುವ ಹುಡುಗನಿಗೆ ಏನು ಮಾಡಲಿ? ಅದನ್ನು ಯಾರೂ ಹೇಳಲೇ ಇಲ್ಲ.

ಬೆಟಗೇರಿ ಅಕ್ಕೋರು: ಅವನನ್ನೇ ಬ್ಯಾಂಕಿನವನು ಮಾಡಿರಿ. ಸಂಜೆ ಎಲ್ಲರೂ ಕಿಸೆ ಖಾಲಿ ಮಾಡಿ ಅವನ ಡಬ್ಬಿಗೆ ಹಾಕಬೇಕು, ಅವನೇ ಎಣಿಸಿ ಮುಚ್ಚಳ ಹಾಕಬೇಕು. ಕಳ್ಳ ಅನ್ನುವ ಮಾತು ಬಾಯಲ್ಲಿ ಬರಬಾರದು, ಅವನ ತಾಯಿಯ ಮುಂದಂತೂ ಬೇಡವೇ ಬೇಡ. ಮನೆಗೆ ಒಂದು ಬೇಕೇ ಬೇಕು ಅಂದರೆ ಒಂದು ಕೊಡಿ, ಮರುದಿನ ಜಮಾ ಮಾಡಿಸಿಕೊಳ್ಳಿ.

ನಿವೃತ್ತ ಕ್ಯಾಷಿಯರ್, ಧಾರವಾಡ: ಬರೀ ಎಣಿಸಿದರೆ ಆಗುವುದಿಲ್ಲ, ರಿಜಿಸ್ಟರ್ ಬೇಕು. ಮತ್ತೆ ಉಗುಳು ಹಚ್ಚಿ ಎಣಿಸುವುದು ಕಲಿಸಬೇಡಿ.

ಸಪ್ತಾಪುರದ ಆಯಿ: ಹುಬ್ಬಳ್ಳಿಯಲ್ಲಿ 30ಕ್ಕೆ ಮಿರ್ಚಿ, ಗಿರ್ಮಿಟ್ ಎರಡೂ ಬರುತ್ತಿತ್ತು. ಯಾರಾದರೂ ಈಗಿನ ರೇಟು ಹೇಳಿ.