ಬರ್ಟ್ ವಿಲಿಯಮ್ಸ್ ವಿಡಿಯೊ ಡಿಲೀಟ್ ಮಾಡಬೇಕಾ? ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಪ್ರಕಾಶ: (ವಿಡಿಯೊ) ನೂರು ವರ್ಷಕ್ಕೂ ಹಿಂದಿನ ಅಮೆರಿಕದ ಕಾಮಿಡಿ. ಆ ಎತ್ತರದ ಮನುಷ್ಯನ ಕುಣಿತ ನೋಡಿ. ನೋಡಿದವರು ಬೇರೆ ಗುಂಪುಗಳಿಗೂ ಕಳಿಸಿ.

ಸುಧಾ: ತುಂಬಾ ಚೆನ್ನಾಗಿದೆ. ಯಾರು ಇವರು? ಹೆಸರೇ ಹಾಕಿಲ್ಲವಲ್ಲ.

ಮೇಘನಾ: ಪ್ರಕಾಶ ಮಾಮ, ದಯವಿಟ್ಟು ಡಿಲೀಟ್ ಮಾಡಿ. ಅವರ ಮುಖದ ಮೇಲಿರುವುದು ಕಾರ್ಕ್ ಸುಟ್ಟು ಮಾಡಿದ ಮಸಿ. ಕಪ್ಪು ಜನರನ್ನು ಅಣಕಿಸಲು ಬಿಳಿಯರು ಹಚ್ಚಿಕೊಳ್ಳುತ್ತಿದ್ದ ಬಣ್ಣ ಅದು. ನ್ಯೂಜೆರ್ಸಿಯಲ್ಲಿ ನನ್ನ ಪಕ್ಕದಲ್ಲಿ ಕೂತು ಕೆಲಸ ಮಾಡುವವರು ಇದನ್ನು ನನ್ನ ಫೋನಿನಲ್ಲಿ ನೋಡಿದರೆ ಏನು ಉತ್ತರ ಕೊಡಲಿ?

ಪ್ರಕಾಶ: ಅಯ್ಯೋ, ಇಷ್ಟೆಲ್ಲಾ ಗೊತ್ತಿರಲಿಲ್ಲ ಪುಟ್ಟಿ. ತೆಗೆದುಬಿಡಲಾ?

ರಾಜಶೇಖರ: ತೆಗೆಯಬೇಡ ಪ್ರಕಾಶ. ಮೇಘನಾ, ಅದು ಮಸಿ ಅಂದಿದ್ದು ಸರಿ. ಆದರೆ ಹಚ್ಚಿಕೊಂಡವರು ಬಿಳಿಯರಲ್ಲ. ಅವರೇ ಕಪ್ಪು ಜನಾಂಗದ ನಟ, ಬರ್ಟ್ ವಿಲಿಯಮ್ಸ್. 1874ರಲ್ಲಿ ಬಹಾಮಾಸ್‌ನ ನಸ್ಸಾವ್‌ನಲ್ಲಿ ಹುಟ್ಟಿದವರು. ಅವರ ಮೈಬಣ್ಣ ಸ್ವಲ್ಪ ತಿಳಿಯಾಗಿಯೇ ಇತ್ತು. ಆ ಕಾಲದ ರಂಗದ ರೂಢಿಯಂತೆ ಅದನ್ನು ಮಸಿಯಿಂದ ಮುಚ್ಚಿಕೊಂಡು ಆಡುತ್ತಿದ್ದರು. ವೇದಿಕೆಯಲ್ಲಿ ಕಪ್ಪು ಪಾತ್ರಗಳ ಬಾಯಲ್ಲಿ ಬರುತ್ತಿದ್ದ ಭಾಷೆ ಕೂಡ ಅವರ ಮನೆಯ ಭಾಷೆಯಲ್ಲ. ಪರದೇಶದ ಭಾಷೆ ಕಲಿತಂತೆ ಅದನ್ನು ಕಲಿತರು.

ವಿನಯ: ರಾಜು ಮಾಮ, ಆ ಕಾಲದ ಅಮೆರಿಕದ ರಂಗಕ್ಕೆ ವಾಡೆವಿಲ್ ಅಂತಾರಲ್ಲ, ಇದೇನಾ?

ರಾಜಶೇಖರ: ಇದು ಸಿನಿಮಾ, 1913ರಲ್ಲಿ ತೆಗೆದದ್ದು. ಅರ್ಧಕ್ಕೆ ನಿಂತುಹೋಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದ್ದ ರೀಲುಗಳನ್ನು ಜೋಡಿಸಿ 2014ರಲ್ಲಿ ತೋರಿಸಿದರು. ವಾಡೆವಿಲ್ ಬೇರೆ. ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಜಾದೂ, ಹಾಸ್ಯ ಎಲ್ಲಾ ಇರುತ್ತಿತ್ತು. ಒಬ್ಬರು ಒಳಗೆ ಹೋದ ಕೂಡಲೇ ಇನ್ನೊಬ್ಬರು ಬರಬೇಕು. ಸಿಕ್ಕ ಕೆಲವೇ ನಿಮಿಷದಲ್ಲಿ ಜನರನ್ನು ಹಿಡಿಯಬೇಕು. ವಿಲಿಯಮ್ಸ್ ಪಳಗಿದ್ದು ಅಲ್ಲಿ. 1893ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜಾರ್ಜ್ ವಾಕರ್ ಸಿಕ್ಕರು. ಆಮೇಲೆ ಹದಿನೈದು ವರ್ಷಕ್ಕೂ ಮೇಲೆ ಇಬ್ಬರೂ ಜೋಡಿ.

ಮೇಘನಾ: ದೊಡ್ಡಪ್ಪ, ನೀವೇ ವಾಕರ್ ಹೆಸರು ತೆಗೆದಿರಿ. ವಾಕರ್ ಮಸಿ ಹಚ್ಚುವುದನ್ನು ಬಿಟ್ಟರು ಅಲ್ವಾ? ಒಳ್ಳೆಯ ಸೂಟು ಹಾಕಿ, ತಲೆ ಎತ್ತಿಕೊಂಡು ಸ್ವಂತ ಮುಖದಲ್ಲೇ ಆಡಿದರು. ಪ್ರಕಾಶ ಮಾಮ ಹಾಕಿದ ವಿಡಿಯೊದಲ್ಲೂ ನೋಡಿ, ಸುತ್ತ ಇರುವವರೆಲ್ಲ ಕಪ್ಪು ಕಲಾವಿದರೇ, ಎಲ್ಲರದೂ ಅವರವರ ಮುಖ. ಮಸಿ ಇರುವುದು ವಿಲಿಯಮ್ಸ್ ಒಬ್ಬರಿಗೆ. ದೊಡ್ಡ ಹೆಸರು ಬಂದ ಮೇಲಾದರೂ ಒರೆಸಬಹುದಿತ್ತು.

ಸುಧಾ: ಅವಳು ಕೇಳಿದ್ದರಲ್ಲಿ ನ್ಯಾಯ ಇದೆ ಅಣ್ಣ.

ರಾಜಶೇಖರ: ಇದೆ ಸುಧಾ. ಅದಕ್ಕೇ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಾಕರ್ ಜೊತೆಗಿದ್ದಾಗ ಆಟವೇ ಬೇರೆ. 1903ರ ‘ಇನ್ ದಹೋಮಿ’ ಕಪ್ಪು ಜನರೇ ಬರೆದು, ಸಂಗೀತ ಕಟ್ಟಿ, ಆಡಿ, ನ್ಯೂಯಾರ್ಕಿನ ನಾಟಕಗಳ ಬೀದಿ ಬ್ರಾಡ್‌ವೇಯ ದೊಡ್ಡ ಥಿಯೇಟರಿಗೆ ತಂದ ಪೂರ್ಣ ಸಂಗೀತ ನಾಟಕ. ಹಾಗೆ ಬಂದದ್ದು ಅದೇ ಮೊದಲು. ಅದೇ ವರ್ಷ ಜೂನ್‌ನಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಆಡಿದರು. ಅದಕ್ಕೆ ಮೂರು ವರ್ಷ ಮುಂಚೆ, 1900ರ ಆಗಸ್ಟ್‌ನಲ್ಲಿ, ನ್ಯೂಯಾರ್ಕಿನ ಗಲಭೆಯಲ್ಲಿ ಬಿಳಿಯರ ಗುಂಪು ಇದೇ ಇಬ್ಬರ ಹೆಸರು ಕೂಗಿಕೊಂಡು ಬೀದಿಯಲ್ಲಿ ಹುಡುಕಿತ್ತು. ಹೆಸರು ಬಂದಿದ್ದೇ ಅವರಿಗೆ ಅಪಾಯವಾಗಿತ್ತು.

1909ರಲ್ಲಿ ವಾಕರ್ ಹಾಸಿಗೆ ಹಿಡಿದರು. 1911ರಲ್ಲಿ ಹೋಗಿಬಿಟ್ಟರು. ವಿಲಿಯಮ್ಸ್ ಒಂಟಿಯಾದರು. 1910ರಲ್ಲೇ ನಿರ್ಮಾಪಕ ಝೀಗ್‌ಫೆಲ್ಡ್ ವಿಲಿಯಮ್ಸ್‌ರನ್ನು ಫಾಲೀಸ್ ಎಂಬ ತಮ್ಮ ಹಾಡು, ಕುಣಿತ, ಹಾಸ್ಯದ ಪ್ರದರ್ಶನಕ್ಕೆ ಕರೆದಿದ್ದರು. ಸುತ್ತ ಎಲ್ಲರೂ ಬಿಳಿಯರು, ನೋಡುವವರೂ ಬಿಳಿಯರು. ಇವರ ಜೊತೆ ಆಡುವುದಿಲ್ಲ ಎಂದು ಕೆಲವು ನಟರು ಹಠ ಹಿಡಿದರು. ಝೀಗ್‌ಫೆಲ್ಡ್ ಬಗ್ಗಲಿಲ್ಲ. ನಡುವೆ ಒಂದೆರಡು ವರ್ಷ ಬಿಟ್ಟರೆ 1919ರವರೆಗೂ ವಿಲಿಯಮ್ಸ್ ಅಲ್ಲೇ ಇದ್ದರು. ಆ ಜಾಗದಲ್ಲಿ ನಿಂತು ಮಸಿ ಒರೆಸಿ ಎಂದು ನಾವು ಇಲ್ಲಿ ಕೂತು ಸುಲಭವಾಗಿ ಹೇಳುತ್ತೇವೆ.

ಮೇಘನಾ: ಹಾಗಾದರೆ ಅದು ಹೆದರಿಕೆಯಿಂದ ಹಾಕಿದ ಮುಖವಾಡ. ಹಾಗಿದ್ದ ಮೇಲೆ ನಾವು ನಗುವುದು ಇನ್ನೂ ತಪ್ಪಲ್ವಾ?

ರಾಜಶೇಖರ: ಬರೀ ಹೆದರಿಕೆ ಅಂತ ಅವರು ಹೇಳಿಲ್ಲ. ನನ್ನನ್ನೇ ಇನ್ನೊಬ್ಬ ಮನುಷ್ಯನ ಹಾಗೆ ನೋಡಲು ಕಲಿತ ಮೇಲೆ ನನ್ನೊಳಗಿನ ಹಾಸ್ಯ ಬೆಳೆಯಿತು, ಅಂತ 1918ರಲ್ಲಿ ಬರೆದಿದ್ದಾರೆ. ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ. ಕಪ್ಪು ಮನುಷ್ಯನಾಗಿರುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಕಂಡಿಲ್ಲ, ಆದರೆ ಅಮೆರಿಕದಲ್ಲಿ ಅದರಿಂದ ಎಷ್ಟೋ ಸಲ ತೊಂದರೆಯಾಗಿದೆ, ಅಂತ.

1916ರ ‘ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್’ ಸಿಕ್ಕರೆ ಕೊನೆಯ ದೃಶ್ಯ ನೋಡು. ಜೈಲಿನೊಳಗೆ ಒಬ್ಬರೇ ಕೂತು ಇಸ್ಪೀಟ್ ಆಡುತ್ತಾರೆ. ಕೈಯಲ್ಲಿ ಎಲೆ ಇಲ್ಲ, ಎದುರಿಗೆ ಜನ ಇಲ್ಲ. ಇಲ್ಲದ ಎಲೆ ಕಲೆಸುತ್ತಾರೆ, ಹಂಚುತ್ತಾರೆ, ತಮ್ಮದನ್ನು ಎತ್ತಿ ಇಣುಕುತ್ತಾರೆ. ಒಳ್ಳೆಯ ಎಲೆ ಬಂದ ಖುಷಿ, ಪಕ್ಕದವನ ಮೇಲೆ ಅನುಮಾನ, ಸೋತ ಮೇಲೆ ಜೋತುಬಿದ್ದ ಮುಖ. ಒಂದು ಮಾತೂ ಇಲ್ಲ. ಫಾಲೀಸ್‌ನಲ್ಲಿ ಇದನ್ನೇ ಒಂದು ದೀಪದ ಬೆಳಕಿನಲ್ಲಿ ಆಡುತ್ತಿದ್ದರು. ಇದರಲ್ಲಿ ಯಾವ ಜನಾಂಗದ ಅಣಕ ಇದೆ ಹೇಳು? ಸೋತ ಮನುಷ್ಯ ಇದ್ದಾನೆ, ಅಷ್ಟೇ. ನಾನು ಹವ್ಯಾಸಿ ನಾಟಕದಲ್ಲಿ ಬಣ್ಣ ಹಚ್ಚಿದವನು. ಮಾತಿಲ್ಲದೆ ಒಂದು ನಿಮಿಷ ಜನರನ್ನು ಹಿಡಿದು ಕೂರಿಸುವುದು ಎಷ್ಟು ಕಷ್ಟ ಅಂತ ಗೊತ್ತು.

ವಿನಯ: ಈಗ ನೋಡಿದೆ. ಎಲೆ ಇಲ್ಲ ಅನ್ನುವುದೇ ಮರೆತುಹೋಗುತ್ತದೆ.

ಮೇಘನಾ: ಕಲಾವಿದರು ದೊಡ್ಡವರು, ಒಪ್ಪಿದೆ. ಆದರೆ ಅವರಿಗೆ ಸಿಕ್ಕಿದ್ದು ಏನು ದೊಡ್ಡಪ್ಪ? 1919ರಲ್ಲಿ ನಟರ ಮುಷ್ಕರ ಆಯಿತು. ಇವರು ಎಂದಿನಂತೆ ಥಿಯೇಟರಿಗೆ ಬಂದು, ಬಣ್ಣ ಹಚ್ಚಿ, ವೇಷ ಹಾಕಿ ರಂಗಕ್ಕೆ ಹೋದರೆ ಇಡೀ ಸಭಾಂಗಣ ಖಾಲಿ. ಮುಷ್ಕರ ಅಂತ ಒಬ್ಬರೂ ಅವರಿಗೆ ಹೇಳಿರಲಿಲ್ಲ. ಜೊತೆಗೆ ಆಡುತ್ತಿದ್ದ ಡಬ್ಲ್ಯೂ. ಸಿ. ಫೀಲ್ಡ್ಸ್‌ಗೆ ಅವರೇ ಇದನ್ನು ಹೇಳಿಕೊಂಡಿದ್ದರು. ಅಷ್ಟು ವರ್ಷ ಒಂದೇ ರಂಗದಲ್ಲಿ ಆಡಿದವರು! ನನಗೆ ಹೊಟ್ಟೆ ಉರಿಯುವುದು ಇದಕ್ಕೆ. ಮಸಿ ಹಚ್ಚಿ ನಗಿಸಿದಾಗ ಬೇಕು, ಆಮೇಲೆ ಲೆಕ್ಕಕ್ಕೇ ಇಲ್ಲ.

ಸುಧಾ: ಇದನ್ನು ಓದಿ ಮನಸ್ಸು ಹೇಗೋ ಆಯಿತು. ಕೊನೆಗೆ ಏನಾಯಿತು ಅವರಿಗೆ?

ರಾಜಶೇಖರ: 1922ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ನಾಟಕ. ಮೈ ಸರಿ ಇರಲಿಲ್ಲ, ಆದರೂ ಆಡಿದರು. ರಂಗದ ಮೇಲೆಯೇ ಕುಸಿದರು. ಅದೂ ಹಾಸ್ಯವೇ ಎಂದುಕೊಂಡು ಜನ ನಕ್ಕರು. ಮಾರ್ಚ್ 4ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ನ್ಯುಮೋನಿಯಾ. ವಯಸ್ಸು 47.

ಮೇಘನಾ, ನಿನ್ನ ಸಿಟ್ಟು ಸರಿಯಾಗಿದೆ. ಆದರೆ ವಿಡಿಯೊ ಅಳಿಸಿದರೆ ಆ ಸಿಟ್ಟು ಯಾರ ಮೇಲೆ ಬೀಳುತ್ತದೆ? ಮಸಿ ಹಚ್ಚಿಸಿದವರು ಪಾರಾಗುತ್ತಾರೆ, ಹಚ್ಚಿಕೊಂಡವರು ಮರೆಯಾಗುತ್ತಾರೆ. ಆ ರೀಲುಗಳು ನೂರು ವರ್ಷ ಡಬ್ಬಿಯಲ್ಲಿದ್ದದ್ದು ಸಾಲದಾ?

ಮೇಘನಾ: ಸರಿ, ಅಳಿಸುವುದು ಬೇಡ. ಆದರೆ ಹೆಸರಿಲ್ಲದೆ, ‘ಕಾಮಿಡಿ’ ಅಂತ ಹಾಕಿ ಹಂಚುವುದೂ ಬೇಡ. ಅದು ಇನ್ನೊಂದು ಸಲ ಅವರನ್ನು ಬರೀ ಮಸಿ ಮುಖ ಮಾಡಿದ ಹಾಗೆ. ಮಕ್ಕಳ ಕೈಗೂ ಹೋಗುತ್ತದೆ ಇದು.

ಪ್ರಕಾಶ: ಒಪ್ಪಿದೆ. ಭಾವ, ನೀವು ನಾಲ್ಕು ಸಾಲು ಬರೆದುಕೊಡಿ. ಹೆಸರು, ಊರು, ಇಸವಿ, ಆ ಮಸಿ ಯಾಕೆ ಅನ್ನುವುದು. ಅದನ್ನು ಮೇಲೆ ಹಾಕಿ ಮತ್ತೆ ಕಳಿಸುತ್ತೇನೆ. ಕಳಿಸಿದ ಬೇರೆ ಎರಡು ಗುಂಪಿಗೂ ಹಾಕುತ್ತೇನೆ.

ರಾಜಶೇಖರ: ಮೇಘನಾನೇ ಬರೆಯಲಿ. ನಾನು ತಿದ್ದುವುದಿಲ್ಲ.

ಮೇಘನಾ: ಬರೆಯುತ್ತೇನೆ. ವಾಕರ್ ಹೆಸರೂ ಹಾಕುತ್ತೇನೆ. ಅವರು ಹಾಸಿಗೆ ಹಿಡಿಯದೇ ಇದ್ದಿದ್ದರೆ ವಿಲಿಯಮ್ಸ್ ಒಬ್ಬರೇ ಫಾಲೀಸ್‌ಗೆ ಹೋಗಲು ಬಿಡುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ರಾಜಶೇಖರ: ಬಿಡುತ್ತಿರಲಿಲ್ಲ, ನಿಜ. ಸ್ವಂತ ಕಂಪನಿಯನ್ನೇ ದೊಡ್ಡದು ಮಾಡುತ್ತಿದ್ದರು. ಆ ಸಾಲನ್ನೂ ಸೇರಿಸು.